ಮುಖವಾಡದ ಒಳಮೈ

ಅಕ್ಕನ ಮಗ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ಸದ್ಯ, ಹುಡುಗ ಮೊದಲಿನ ಹಾಗೇ ಇದ್ದಾನಲ್ಲ!’ ಹದಿನಾರು ವರ್ಷ. ಗೆಳೆಯನ ಬೈಕಿನ ಹಿಂದೆ ಹೆಲ್ಮೆಟ್ ಇಲ್ಲದೆ ಕೂತು ಟ್ಯೂಷನ್ನಿಗೆ ಹೊರಟವನು ರೋಡ್ ಹಂಪಿನ ಬಳಿ ಎಗರಿ ಬಿದ್ದಿದ್ದ. ಹಣೆಯ ಹೊಲಿಗೆ ಮಾಯುತ್ತಿತ್ತು, ಬೋಳಿಸಿದ ತಲೆಯಲ್ಲಿ ಕೂದಲು ಚಿಗುರುತ್ತಿತ್ತು, ಕೈಕಾಲು ಆಡುತ್ತಿದ್ದವು. ಆದರೆ ಚಟ್ನಿ ಸಪ್ಪೆಯೆಂದು ತಟ್ಟೆ ಎಸೆಯುತ್ತಿದ್ದ. ಅರ್ಧ ಪುಟ ಓದುವಷ್ಟರಲ್ಲಿ ಸುಸ್ತಾಗಿ ಮಲಗಿಬಿಡುತ್ತಿದ್ದ. ಬೆಳಿಗ್ಗೆ ಒಂದಿಷ್ಟು ಹೊತ್ತು ಕಾರಣವೇ ಇಲ್ಲದೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ‘ಇವನು ನನ್ನ ಮಗನೇನೇ?’ ಎಂದು ಅಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಕೇಳಿದ್ದಳು.

ಹಣೆಯ ಹಿಂದಿರುವ ಮಿದುಳಿನ ಭಾಗ ಕೋಪ ತಡೆಯುವ, ಮುಂದಿನದನ್ನು ಯೋಚಿಸುವ, ಗಮನ ಹಿಡಿದಿಡುವ ಕೆಲಸ ಮಾಡುತ್ತದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ಹರೆಯದಲ್ಲಿ ಅಲ್ಲಿಗೆ ಬೀಳುವ ಪೆಟ್ಟು ಹಸಿಗೋಡೆಗೆ ಬಿದ್ದ ಪೆಟ್ಟು. ನಲವತ್ತರವರಿಗೆ ‘ನಾನು ಹೀಗಿದ್ದೆ’ ಎಂದು ಹಿಂದಿರುಗಿ ನೋಡಲು ಒಂದು ಬದುಕಾದರೂ ಇರುತ್ತದೆ. ಹದಿನಾರರ ಹುಡುಗನ ‘ನಾನು’ ಆಗಷ್ಟೇ ರೂಪುಗೊಳ್ಳುತ್ತಿರುತ್ತದೆ. ಜೊತೆಗೆ ಗೆಳೆಯರು ಮೊದಲ ತಿಂಗಳು ಗುಂಪಾಗಿ ಬರುತ್ತಾರೆ, ಮೂರನೆಯ ತಿಂಗಳು ಯಾರೂ ಬರುವುದಿಲ್ಲ. ಈ ನಷ್ಟವನ್ನು ಹೇಳಿಕೊಳ್ಳಲು ಅವನಿಗೆ ಮಾತೇ ಸಾಲದು. ಪೆಟ್ಟು ಬಿದ್ದಿರುವುದೂ ಎಷ್ಟೋ ಸಲ ಆ ಮಾತಿನ ಮೇಲೇ.

ಆಸ್ಪತ್ರೆಯವರು ಫಿಸಿಯೋಥೆರಪಿಯ ಜೊತೆಗೆ ವಾರಕ್ಕೊಮ್ಮೆ ಕಲಾ ಚಿಕಿತ್ಸೆಗೂ ಕರೆದುಕೊಂಡು ಬನ್ನಿ ಎಂದಾಗ ನಮ್ಮ ಮಾವನವರು, ‘ಟೆಂತ್ ಪರೀಕ್ಷೆ ಬಿಟ್ಟು ಮಣ್ಣಾಟ ಆಡಿಸ್ತೀರಾ?’ ಎಂದು ರೇಗಿದ್ದರು. ಅವರನ್ನು ತಪ್ಪು ಅನ್ನಲಾರೆ. ಚಿತ್ರಕಲೆಯ ಕ್ಲಾಸಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ನನಗೂ ಅಲ್ಲಿ ಕೂತ ಮೇಲೆಯೇ ತಿಳಿದದ್ದು. ಕಿಟಕಿಯ ಪರದೆ ಅರ್ಧ ಎಳೆದಿದ್ದರು. ಮೇಜಿನ ಮೇಲೆ ಒಂದು ಹೊತ್ತಿಗೆ ಎರಡೇ ಬಣ್ಣ. ಇಪ್ಪತ್ತು ನಿಮಿಷ ಮುಗಿದರೆ ಮುಗಿಯಿತು, ದಣಿದ ಮಿದುಳಿಗೆ ಅಷ್ಟೇ ಶಕ್ತಿ. ಚಿಕಿತ್ಸಕಿ ಒಮ್ಮೆಯೂ ‘ಚೆನ್ನಾಗಿದೆ’ ಅನ್ನಲಿಲ್ಲ. ‘ಇದೇನಿದು, ಹೇಳ್ತೀಯಾ?’ ಎಂದಷ್ಟೇ ಕೇಳುತ್ತಿದ್ದರು, ಅವನು ಸುಮ್ಮನಿದ್ದರೆ ತಾವೂ ಸುಮ್ಮನಿರುತ್ತಿದ್ದರು.

ಚಿಕಿತ್ಸೆ ನಡೆಯುತ್ತಿದ್ದ ಅದೇ ಹಾಲಿನಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳಿದ್ದಳು. ‘ನೀರು ಬೇಕು’ ಎನ್ನಲು ಬಾಯಿ ತೆರೆದರೆ ಬರೀ ಉಸಿರು. ಆದರೆ ಕೋಲಾಟದ ಹಾಡು ಎತ್ತಿಕೊಟ್ಟರೆ ಸಾಲಿಗೆ ಸಾಲು ಹೇಳುತ್ತಿದ್ದಳು! ಪವಾಡವೇನಲ್ಲ. ಬಹುತೇಕರಲ್ಲಿ ಮಾತಿನ ಕೇಂದ್ರ ಮಿದುಳಿನ ಎಡಕ್ಕಿದೆ, ರಾಗ ಹಿಡಿಯುವ ಕೆಲಸದಲ್ಲಿ ಬಲಭಾಗಕ್ಕೆ ದೊಡ್ಡ ಪಾಲಿದೆ. ಇದನ್ನೇ ಆಧರಿಸಿ 1973ರಲ್ಲಿ ಬಾಸ್ಟನ್ನಿನಲ್ಲಿ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್, ನ್ಯಾನ್ಸಿ ಹೆಲ್ಮ್ ಎಂಬ ಸಂಶೋಧಕರು ಒಂದು ವಿಧಾನವನ್ನು ಪ್ರಕಟಿಸಿದರು. ದಿನಬಳಕೆಯ ಮಾತನ್ನು ಎರಡು ಸ್ವರಕ್ಕೆ ಕಟ್ಟಿ, ಎಡಗೈಯಲ್ಲಿ ತಾಳ ಹಾಕಿಸಿ ಹಾಡಿಸುವುದು, ಬರಬರುತ್ತಾ ರಾಗವನ್ನು ಕಳಚುವುದು. 2011ರಲ್ಲಿ ತಲೆಗೆ ಗುಂಡು ತಗುಲಿದ ಅಮೆರಿಕದ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಮಾತಿಗೆ ಮರಳುವಾಗಲೂ ಸಂಗೀತ ಜೊತೆಗಿತ್ತು.

ಇದರ ಬಗ್ಗೆ ಅತಿಯಾಸೆ ಹುಟ್ಟಿಸುವುದು ನನಗಿಷ್ಟವಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಾಮರ್ಶೆ 29 ಪ್ರಯೋಗಗಳನ್ನು, 775 ಜನರನ್ನು ಒರೆಗೆ ಹಚ್ಚಿ, ಮಿದುಳಿಗೆ ಪೆಟ್ಟಾದವರ ನಡಿಗೆಗೆ ಸಂಗೀತ, ಅದರಲ್ಲೂ ಲಯ, ನೆರವಾಗಬಹುದು ಎಂದಿತು. ಅವರಲ್ಲಿ ಹೆಚ್ಚಿನವರು ಪಾರ್ಶ್ವವಾಯು ಆದವರು. ಬೈಕಿನಿಂದ ಬಿದ್ದ ನಮ್ಮ ಮಕ್ಕಳ ಮೇಲೆ ಇನ್ನೂ ಎಷ್ಟೋ ಅಧ್ಯಯನ ಆಗಬೇಕಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ನಂಟನ್ನು ಅರಸುವ ಪ್ರಯೋಗಾಲಯವೇ ಇದೆ. ಇಂಥ ಚಿಕಿತ್ಸೆ ತಾಲ್ಲೂಕಿನವರಿಗೂ ಎಟುಕಬೇಕು. ವಾರವಾರವೂ ಕೂಲಿ ಬಿಟ್ಟು ಬಸ್ಸು ಹತ್ತುವ ತಾಯಂದಿರನ್ನು ನಾನು ಆ ಹಾಲಿನ ಬೆಂಚಿನ ಮೇಲೆ ಕಂಡಿದ್ದೇನೆ.

ನಮ್ಮ ಹುಡುಗನಿಗೆ ಕೊಟ್ಟದ್ದು ರಟ್ಟಿನ ಬಿಳಿ ಮುಖವಾಡ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಸ್ಫೋಟದಿಂದ ಮಿದುಳಿಗೆ ಪೆಟ್ಟಾದ ಸೈನಿಕರ ಕೈಯಲ್ಲಿ ಚಿಕಿತ್ಸಕಿ ಮೆಲಿಸ್ಸಾ ವಾಕರ್ ಮಾಡಿಸಿದ್ದೂ ಮುಖವಾಡಗಳನ್ನೇ. ಹೊರಮೈ ಮೇಲೆ ಜನ ನೋಡುವ ನೀನು, ಒಳಮೈ ಮೇಲೆ ನಿನಗೆ ಗೊತ್ತಿರುವ ನೀನು ಎಂದರು ನಮ್ಮ ಚಿಕಿತ್ಸಕಿ. ಹೊರಗೆ ಅವನು ಬಲು ಜೋಪಾನವಾಗಿ ಬೈತಲೆ ತೆಗೆದ ಕೂದಲು, ನಗು, ಮೊದಲಿನ ಮುಖ ಬರೆದ. ಒಳಗಿನದು ಎರಡು ವಾರ ಖಾಲಿಯೇ ಇತ್ತು. ಮೂರನೆಯ ವಾರ ಬ್ರಷ್ ಬಿಟ್ಟು ತೋರುಬೆರಳನ್ನೇ ಕೆಂಪಿನಲ್ಲಿ ಅದ್ದಿ, ಎಡಗಿವಿಯ ಜಾಗದಿಂದ ಹಣೆಯವರೆಗೆ ಸುತ್ತಿ ಸುತ್ತಿ ಗೀರಿದ. ರಟ್ಟು ನೆನೆದು ಹರಿಯುವವರೆಗೂ ನಿಲ್ಲಿಸಲಿಲ್ಲ.

‘ಇದೇನೋ?’ ಎಂದೆ, ತಡೆಯಲಾರದೆ.

‘ಮಿಕ್ಸಿ, ಚಿಕ್ಕಮ್ಮ. ಬೆಳಿಗ್ಗೆ ಅಮ್ಮ ಹಾಕೋದು.’

ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಒಳಮೈಯನ್ನೇ ನೋಡಿದಳು. ಮಾರನೆಯ ಬೆಳಿಗ್ಗೆ ನಾನು ಹೋದಾಗ ಅವಳು ಹಿತ್ತಲ ಬಚ್ಚಲ ಪಕ್ಕ, ತೆಂಗಿನಕಾಯಿ ಹೋಳು ಮುಂದಿಟ್ಟುಕೊಂಡು, ವರ್ಷಗಟ್ಟಲೆ ಮಗುಚಿ ಬಿದ್ದಿದ್ದ ಒರಳನ್ನು ತೊಳೆಯುತ್ತಿದ್ದಳು.