ಕರವಿನಾಯಿತಿ ಮತ್ತು ಕರದ ರಸೀದಿ: ಅರಣ್ಯದೊಳಗಿನ ಬುಡಕಟ್ಟು ನೆಲೆಗಳ ಸಂದರ್ಭ

ಕರವಿನಾಯಿತಿ ಎಂದೊಡನೆ ಅದು ಪಡೆದವರಿಗೆ ಲಾಭವೆಂದೇ ಭಾವಿಸುವುದು ರೂಢಿ. ಆದರೆ ವಿನಾಯಿತಿಯು ಯಾರಿಗೆ, ಯಾವ ಕಾರಣದಿಂದ ಒದಗಿದೆ ಎಂಬುದನ್ನು ಪರಿಶೀಲಿಸದೆ ಆ ತೀರ್ಮಾನಕ್ಕೆ ಬರಲಾಗದು. ಪ್ರಸ್ತುತ ಲೇಖನದಲ್ಲಿ ಗುಜರಾತ್ ಮತ್ತು ಕರ್ನಾಟಕದ ನಿದರ್ಶನಗಳನ್ನು ಹೋಲಿಸಿ ಈ ಪ್ರಶ್ನೆಯನ್ನು ವಿವೇಚಿಸಿದ್ದೇವೆ.

ವಡೋದರಾದ ಮಕರಪುರದಲ್ಲಿ ಖಂಡೇರಾವ್ ಗಾಯಕವಾಡರು 1870ರಲ್ಲಿ ಕಟ್ಟಿಸಿದ ಅರಮನೆ ಇಂದು ಭಾರತೀಯ ವಾಯುಪಡೆಯ ತರಬೇತಿ ಶಾಲೆಯಾಗಿದೆ. ಸೇನಾನೆಲೆ, ರೈಲು ನಿಲ್ದಾಣ ಮೊದಲಾದ ಕೇಂದ್ರ ಸರ್ಕಾರದ ಸ್ವತ್ತುಗಳ ಮೇಲೆ ರಾಜ್ಯವಾಗಲಿ ಸ್ಥಳೀಯ ಸಂಸ್ಥೆಯಾಗಲಿ ತೆರಿಗೆ ವಿಧಿಸುವಂತಿಲ್ಲ ಎಂಬುದು ಸಂವಿಧಾನದ 285ನೆಯ ವಿಧಿಯ ಸಾಮಾನ್ಯ ನಿಯಮ. ಆದರೂ ಅವುಗಳ ಸುತ್ತ ರಸ್ತೆ, ನೀರು, ಚರಂಡಿಗಳ ಹೊಣೆ ನಗರಪಾಲಿಕೆಯದೇ. ಈ ತೊಡಕನ್ನು ರಾಜಕೋಟ್ ನಗರಪಾಲಿಕೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಬಗೆಹರಿಸಿತು. ಕೇಂದ್ರವು ತೆರಿಗೆಯ ಬದಲು ಸೇವಾ ಶುಲ್ಕ ಕೊಡಬೇಕು. ಪಡೆಯುವ ಸೇವೆಗಳಿಗೆ ಅನುಗುಣವಾಗಿ ಅದು ಇತರ ಒಡೆಯರ ಆಸ್ತಿ ತೆರಿಗೆಯ ಶೇ. 75, 50 ಅಥವಾ 33⅓ರಷ್ಟು ಇರಬೇಕು ಎಂಬುದು ಅಲ್ಲಿನ ಏರ್ಪಾಟು. ಹೀಗೆ ವಿನಾಯಿತಿಯೂ ಉಳಿಯಿತು, ಪರ್ಯಾಯ ಪಾವತಿಯೂ ಲೆಕ್ಕಕ್ಕೆ ಬಂದಿತು.

ಅರಣ್ಯದೊಳಗಿನ ಬುಡಕಟ್ಟು ನೆಲೆಗಳ ಸ್ಥಿತಿ ಬೇರೆ. ಕರ್ನಾಟಕದಲ್ಲಿ ಜೇನುಕುರುಬರ ನೆಲೆಗೆ ಹಾಡಿ ಎಂದೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನೆಲೆಗೆ ಪೋಡು ಎಂದೂ ಹೆಸರು. ಗುಜರಾತಿನ ಛೋಟಾ ಉದೇಪುರದಂತೆ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶ ಕರ್ನಾಟಕದಲ್ಲಿ ಇಲ್ಲವೆಂಬುದನ್ನು ಹೊರರಾಜ್ಯದ ಸಂಶೋಧಕರು ಗಮನಿಸಬೇಕು. ಪಂಚಾಯಿತಿಗೆ ಮನೆಕಂದಾಯ ಕಟ್ಟುವ ಹಾಡಿಯ ಕುಟುಂಬಗಳೂ ಇವೆ. ಆದರೆ ಗ್ರಾಮವೆಂದು ದಾಖಲಾಗದೆ ಅರಣ್ಯದ ಲೆಕ್ಕದಲ್ಲೇ ಉಳಿದ ನೆಲೆಗೆ ಕರ ಬೀಳದಿದ್ದರೆ ಅದು ಕಾನೂನು ಕೊಟ್ಟ ರಿಯಾಯಿತಿಯಲ್ಲ. ದಾಖಲೆಯಲ್ಲಿ ಹೆಸರಿಲ್ಲದುದರ ಪರಿಣಾಮ. ರಾಜಕೋಟ್ ತೀರ್ಪು ಕೇಂದ್ರದ ಸ್ವತ್ತಿಗೆ ಸಂಬಂಧಿಸಿದ್ದು; ರಾಜ್ಯದ ಅರಣ್ಯಭೂಮಿಗೆ ಅದು ಒದಗದು.

ಈ ಕೊರತೆಯ ಪರಿಣಾಮ 2006ರ ಅರಣ್ಯ ಹಕ್ಕು ಕಾಯಿದೆಯ ತರುವಾಯ ಸ್ಪಷ್ಟವಾಯಿತು. 2005ರ ಡಿಸೆಂಬರ್ 13ಕ್ಕೆ ಮೊದಲೇ ಭೂಮಿಯು ತಮ್ಮ ಅನುಭೋಗದಲ್ಲಿತ್ತೆಂದು ಅರ್ಜಿದಾರರು ತೋರಿಸಬೇಕು. 2008ರ ನಿಯಮಾವಳಿಯ 13ನೆಯ ನಿಯಮವು ಒಪ್ಪುವ ಸಾಕ್ಷ್ಯಗಳಲ್ಲಿ ಮನೆಕಂದಾಯದ ರಸೀದಿಯೂ ಒಂದು. ಕರವನ್ನೇ ಕಾಣದ ನೆಲೆಯವರು ರಸೀದಿಯನ್ನು ಎಲ್ಲಿಂದ ತರಬೇಕು? ಅದೇ ನಿಯಮವು ಗುಡಿಸಲು, ಕಟ್ಟಿದ ಬದು, ಗೋರಿ, ಹಿರಿಯರ ಬರೆದುಕೊಂಡ ಹೇಳಿಕೆ ಇವುಗಳನ್ನೂ ಸಾಕ್ಷ್ಯವೆಂದು ಮನ್ನಿಸಿರುವುದರಿಂದ ದಾರಿ ಪೂರ್ತಿ ಮುಚ್ಚಿಲ್ಲ. ಉಪಗ್ರಹ ಚಿತ್ರವೊಂದನ್ನೇ ನೆಚ್ಚದೆ ಇತರ ಸಾಕ್ಷ್ಯಗಳನ್ನೂ ಪರಿಗಣಿಸಿ, ತಿರಸ್ಕೃತ ಅರ್ಜಿಗಳನ್ನು ಮತ್ತೆ ಪರಿಶೀಲಿಸಬೇಕೆಂದು ಗುಜರಾತ್ ಉಚ್ಚ ನ್ಯಾಯಾಲಯವು 2013ರಲ್ಲಿ ಸೂಚಿಸಿತು. ಅದಕ್ಕೂ ಮೊದಲು, 2011ರಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆತಿತ್ತು.

ಕಾಯಿದೆಯ 3(1)(ಹೆಚ್) ಉಪಪ್ರಕರಣದಂತೆ ಇಂಥ ನೆಲೆಗಳು ಕಂದಾಯ ಗ್ರಾಮಗಳಾದರೆ ಕರದ ಹೊರೆಯೂ ಬರಬಹುದು. ಆದರೆ ಅದರೊಂದಿಗೆ ದಾಖಲೆಯಲ್ಲಿ ಊರಿನ ಹೆಸರೂ ಬರುತ್ತದೆ. ಆದುದರಿಂದ ಹಳೆಯ ಕರವಹಿಗಳನ್ನು ಆಧರಿಸಿ ಬುಡಕಟ್ಟುಗಳ ವಸತಿಯ ಇತಿಹಾಸ ಬರೆಯುವವರು, ಕರ ತೆತ್ತವರ ಪಟ್ಟಿಯಲ್ಲಿ ಇಲ್ಲದವರು ಆ ನೆಲದಲ್ಲೂ ಇರಲಿಲ್ಲವೆಂದು ಎಣಿಸಬಾರದು. ಅವರ ಮಟ್ಟಿಗೆ ಹಿರಿಯರ ಬಾಯಿಮಾತನ್ನೂ ಬದುಗೋರಿಗಳನ್ನೂ ವಹಿಯ ಜೊತೆಗಿಟ್ಟು ಓದುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.