ಗೃಹಜಾಲದ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್: ತತ್ತ್ವ ಮತ್ತು ವಿಧಾನ

ಮನೆಯ ಗಣಕದಲ್ಲಿಟ್ಟ ಕಡತಗಳನ್ನು ಕಾಲೇಜಿನಿಂದ ನೋಡಬಯಸುವವರಿಗೆ ಒಂದು ವೈಚಿತ್ರ್ಯವು ಎದುರಾಗುತ್ತದೆ. ಆ ಗಣಕವು ಜಗತ್ತಿನ ಯಾವ ಮೂಲೆಯನ್ನಾದರೂ ತಲುಪಬಲ್ಲುದು. ಹೊರಗಿನವರು ಮಾತ್ರ ಅದನ್ನು ತಲುಪಲಾರರು. ಇದರ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಐಪಿ ನಾಲ್ಕನೆಯ ಆವೃತ್ತಿಯ ವಿಳಾಸವು 32 ಬಿಟ್ಟುಗಳದು. ಆದುದರಿಂದ ವಿಳಾಸಗಳ ಒಟ್ಟು ಸಂಖ್ಯೆಯು ಸುಮಾರು 429 ಕೋಟಿಯನ್ನು ಮೀರದು. ಈ ಕೊರತೆಯನ್ನು ಮುಂಗಂಡು 1994ರಲ್ಲಿ ವಿಳಾಸ ಪರಿವರ್ತನೆಯ ಕ್ರಮವನ್ನು ಪ್ರಕಟಿಸಲಾಯಿತು. 192.168 ಎಂದು ಮೊದಲಾಗುವ ಖಾಸಗಿ ವಿಳಾಸಗಳು ಅಸಂಖ್ಯಾತ ಮನೆಗಳಲ್ಲಿ ಪುನರಾವೃತ್ತವಾಗುತ್ತವೆ. ಹೊರಜಗತ್ತಿಗೆ ಕಾಣುವುದು ರೌಟರಿನ ವಿಳಾಸವೊಂದೇ. ಒಳಗಿನಿಂದ ಹೊರಟ ಪ್ಯಾಕೆಟ್ಟನ್ನು ರೌಟರು ನಮೂದಿಸಿಕೊಂಡು, ಅದರ ಉತ್ತರವನ್ನು ತಕ್ಕ ಗಣಕಕ್ಕೆ ಒಪ್ಪಿಸುತ್ತದೆ. ತಾನಾಗಿ ಬಂದ ಪ್ಯಾಕೆಟ್ಟಿಗೆ ಅಂತಹ ನಮೂದಿಲ್ಲದಿರುವುದರಿಂದ ಅದು ಹೊರಗೇ ಉಳಿಯುತ್ತದೆ.

ಇದನ್ನು ವಠಾರಕ್ಕೆ ಹೋಲಿಸಬಹುದು. ಹೆಬ್ಬಾಗಿಲಿನ ಸಂಖ್ಯೆ ಒಂದೇ, ಒಳಗೆ ಮನೆಗಳು ಹಲವು. ಇಂತಹ ಗುರುತನ್ನು ಹೇಳಿಕೊಂಡು ಬಂದವರನ್ನು ಇಂತಹ ಮನೆಗೆ ಕಳುಹಿಸಬೇಕೆಂದು ಬಾಗಿಲಲ್ಲಿ ಹೇಳಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಆ ಗುರುತು 0ಯಿಂದ 65535ರವರೆಗಿನ ಪೋರ್ಟ್ ಸಂಖ್ಯೆ.

ವಿಧಾನವು ಹೀಗಿದೆ. ಮೊದಲು ರೌಟರಿನ ಡಿಎಚ್‌ಸಿಪಿ ವಿಭಾಗದಲ್ಲಿ ಗಣಕಕ್ಕೆ ಒಂದು ವಿಳಾಸವನ್ನು, 192.168.1.20 ಎಂದಿಟ್ಟುಕೊಳ್ಳೋಣ, ಕಾಯ್ದಿರಿಸಬೇಕು. ಇಲ್ಲವಾದರೆ ಅದು ಬದಲಾದಂದು ನಿಯಮವು ನಿಷ್ಫಲವಾಗುವುದು. ಬಳಿಕ ಫಾರ್ವರ್ಡಿಂಗ್ ಪುಟದಲ್ಲಿ ಹೊರಗಿನ ಪೋರ್ಟ್ 50022, ಒಳಗಿನ ವಿಳಾಸ, ಒಳಗಿನ ಪೋರ್ಟ್ 22, ಟಿಸಿಪಿ ಎಂದು ತುಂಬಿದರೆ ಎಸ್‌ಎಸ್‌ಎಚ್ ಸೇವೆಗೆ ದಾರಿಯಾಗುತ್ತದೆ. ಗಣಕದ ಫೈರ್‌ವಾಲ್ ಕೂಡ ಇದಕ್ಕೆ ಅನುಮತಿಸಬೇಕು. ಪರೀಕ್ಷೆಯನ್ನು ಮನೆಯ ಜಾಲದಿಂದಲ್ಲದೆ ಮೊಬೈಲ್ ಜಾಲದಿಂದ ಮಾಡುವುದು ಯುಕ್ತ. ಕೆಲವು ರೌಟರುಗಳು ಒಳಗಿನಿಂದ ಸುತ್ತಿಬರುವ ಸಂಪರ್ಕವನ್ನು ಒಪ್ಪುವುದಿಲ್ಲ.

ಇಷ್ಟಾದರೂ ಫಲಿಸದಿದ್ದರೆ ರೌಟರಿನ ಹೊರವಿಳಾಸವನ್ನು ನೋಡತಕ್ಕದ್ದು. ಅದು 100.64ರಿಂದ 100.127ರವರೆಗಿನದಾದರೆ, ಸೇವಾದಾರರು ಅನೇಕ ಮನೆಗಳನ್ನು ಮತ್ತೊಂದು ಪರಿವರ್ತಕದ ಹಿಂದೆ ಇರಿಸಿದ್ದಾರೆಂದು ತಿಳಿಯಬೇಕು. ಆಗ ನಮ್ಮ ನಿಯಮವೊಂದರಿಂದಲೇ ಪ್ರಯೋಜನವಿಲ್ಲ. ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು.

ತೆರೆದ ಬಾಗಿಲು ಬಯಸಿದವರಿಗಷ್ಟೇ ತೆರೆದಿರುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ಕ್ರಮವಿಧಿಯು, ತಯಾರಕರಿತ್ತ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮರಾ ಮತ್ತು ರೌಟರುಗಳನ್ನು ಭಾರಿ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಅಪರಿಚಿತ ಪೋರ್ಟ್ ಸಂಖ್ಯೆಯು ರಕ್ಷಣೆಯಲ್ಲ. ಅದನ್ನು ಹುಡುಕಿ ತೆಗೆಯುವುದು ಸುಲಭ. ಆದುದರಿಂದ ಗುಪ್ತಪದಕ್ಕೆ ಬದಲಾಗಿ ಕೀಲಿಯನ್ನು ಬಳಸುವುದು, ತಂತ್ರಾಂಶವನ್ನು ನವೀಕರಿಸುತ್ತಿರುವುದು, ಕಾರ್ಯವು ಮುಗಿದೊಡನೆ ನಿಯಮವನ್ನು ಅಳಿಸುವುದು, ಈ ಮೂರೂ ವಿಧಾನದ ಅಂಗಗಳೆಂದೇ ನಾವು ಎಣಿಸುತ್ತೇವೆ.