ಮಳೆಗೆ ಸಿಕ್ಕ ನಕ್ಷತ್ರಗಳ ಹಬ್ಬ

ಜುಲೈ 7ರ ಸಂಜೆ ಟೋಕಿಯೊದಲ್ಲಿ ಬಿದಿರು ಕೊಂಬೆಗೆ ಕಟ್ಟಿದ ಬಣ್ಣದ ಚೀಟಿಗಳು ಎಷ್ಟೋ ವರ್ಷ ತೊಯ್ದು ತೊಪ್ಪೆಯಾಗುತ್ತವೆ. ಮಕ್ಕಳು ಅವುಗಳಲ್ಲಿ ಬರೆದ ಬೇಡಿಕೆಗಳ ಶಾಯಿ ಕಲಸಿಹೋಗುತ್ತದೆ. ಅಂದು ತನಬಾತ. ಆಕಾಶಗಂಗೆಯ ಆಚೀಚೆ ದಡದಲ್ಲಿರುವ ನೇಕಾರ ಹುಡುಗಿ, ದನಗಾಹಿ ಹುಡುಗ ವರ್ಷಕ್ಕೊಮ್ಮೆ ಕೂಡುವ ರಾತ್ರಿ. ನಾವು ಅಭಿಜಿತ್, ಶ್ರವಣ ಎನ್ನುವ ನಕ್ಷತ್ರಗಳೇ ಅವರಿಬ್ಬರು. ಆದರೆ ಅಲ್ಲಿ ಅದು ಜಡಿಮಳೆಯ ಕಾಲ. ನಕ್ಷತ್ರದ ಹಬ್ಬವನ್ನು ಮೋಡದೊಳಗೆ ತಂದಿಟ್ಟವರು ಯಾರು?

ಜಪಾನಿನ ಮೇಜಿ ಸರ್ಕಾರ. 1872ರ ಡಿಸೆಂಬರ್ 9ರಂದು ಹೊರಟ ಆಜ್ಞೆ ಹಳೆಯ ಚಾಂದ್ರಮಾನ ಪಂಚಾಂಗವನ್ನು ರದ್ದು ಮಾಡಿತು. ಜನರಿಗೆ ಸಿಕ್ಕ ಕಾಲಾವಕಾಶ 23 ದಿನ. ಹಳೆಯ ಲೆಕ್ಕದ ಹನ್ನೆರಡನೇ ತಿಂಗಳು ಎರಡೇ ದಿನಕ್ಕೆ ಮುಗಿದು, ಮೂರನೆಯ ದಿನ 1873ರ ಜನವರಿ 1 ಆಯಿತು. ಅಚ್ಚಾಗಿದ್ದ ಪಂಚಾಂಗಗಳು ರದ್ದಿಯಾದವು.

ಇಷ್ಟು ಅವಸರವೇಕೆ? ಮುಂದಿನ ವರ್ಷ ಅಧಿಕ ಮಾಸ ಬರುವುದಿತ್ತು. ನೌಕರರಿಗೆ ತಿಂಗಳ ಸಂಬಳ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಹದಿಮೂರು ಸಂಬಳ ಕೊಡಲು ಖಜಾನೆಯಲ್ಲಿ ಹಣವಿರಲಿಲ್ಲ. ಹಣಕಾಸು ನೋಡಿಕೊಳ್ಳುತ್ತಿದ್ದ ಒಕುಮಾ ಶಿಗೆನೊಬು ಮುಂದೆ ಇದನ್ನು ತಾವೇ ಹೇಳಿಕೊಂಡರು. ಎರಡು ದಿನದ ಆ ಹನ್ನೆರಡನೇ ತಿಂಗಳಿಗೂ ಸಂಬಳ ಕೊಡಲಿಲ್ಲ. ಖಜಾನೆಗೆ ಎರಡು ತಿಂಗಳ ಸಂಬಳ ಉಳಿಯಿತು. ಆದರೆ ಹಳೆಯ ತಿಂಗಳು, ದಿನದ ಅಂಕಿಗಳನ್ನೇ ಹೊಸ ಪಂಚಾಂಗಕ್ಕೆ ಹಾಕಿದ್ದರಿಂದ ಹಬ್ಬಗಳು ಮುಂಚೆಯೇ ಬಂದು ಋತು ತಪ್ಪಿದವು.

ನನಗೆ ಹೆಚ್ಚು ಸಂಕಟವಾಗುವುದು ಒಂಬತ್ತನೇ ತಿಂಗಳ ಒಂಬತ್ತರ ಚೋಯೋ, ಅಂದರೆ ಸೇವಂತಿಗೆ ಹಬ್ಬದ ಬಗ್ಗೆ. ಹಿಂದಿನ ರಾತ್ರಿ ಅರಳಿದ ಸೇವಂತಿಗೆಯ ಮೇಲೆ ರೇಷ್ಮೆಯ ಅರಳೆ ಹೊದಿಸುತ್ತಿದ್ದರು. ಬೆಳಗ್ಗೆ ಇಬ್ಬನಿಯನ್ನೂ ಹೂವಿನ ಕಂಪನ್ನೂ ಹೀರಿ ಒದ್ದೆಯಾದ ಅದರಿಂದ ಮುಖ ಒರೆಸಿಕೊಂಡರೆ ಮುಪ್ಪು ದೂರ ಎಂಬ ನಂಬಿಕೆ. ಈಗ ಸೆಪ್ಟೆಂಬರ್ 9ರಂದು ಹಿತ್ತಲ ಸೇವಂತಿಗೆ ಇನ್ನೂ ಅರಳಿರುವುದಿಲ್ಲ. ಹೂವಿಲ್ಲದ ಹಬ್ಬ ಹೆಚ್ಚಿನವರ ಮನೆಯಿಂದ ಮರೆಯಾಯಿತು. ಮಾರ್ಚ್ 3ರ ಬೊಂಬೆ ಹಬ್ಬಕ್ಕೆ ಬೇಕಾದ ಪೀಚ್ ಹೂವನ್ನೂ ಬೆಚ್ಚಗಿನ ಕೋಣೆಯಲ್ಲಿ ಬಲವಂತವಾಗಿ ಅರಳಿಸಬೇಕು.

ಎಲ್ಲರೂ ತಲೆಬಾಗಲಿಲ್ಲ. ಸೆಂಡೈ ಊರು ತನಬಾತವನ್ನು ಒಂದು ತಿಂಗಳು ಮುಂದೂಡಿ ಆಗಸ್ಟ್ 6ರಿಂದ 8ರವರೆಗೆ ಆಚರಿಸುತ್ತದೆ. ಪಿತೃಗಳನ್ನು ಕರೆಯುವ ಓಬೊನ್ ಕೂಡ ಬಹುತೇಕ ಕಡೆ ಆಗಸ್ಟಿನಲ್ಲೇ. ಶರತ್ಕಾಲದ ಚಂದ್ರದರ್ಶನವಂತೂ ಹಳೆಯ ಲೆಕ್ಕದಲ್ಲೇ ಉಳಿಯಿತು. ಹುಣ್ಣಿಮೆಗೆ ಆಜ್ಞೆ ಹೊರಡಿಸಲು ಯಾವ ಮಂತ್ರಿಯಿಂದಾದೀತು?

2001ರಿಂದ ಜಪಾನಿನ ರಾಷ್ಟ್ರೀಯ ಖಗೋಳ ವೀಕ್ಷಣಾಲಯ ಹಳೆಯ ಲೆಕ್ಕದ ತನಬಾತದ ದಿನವನ್ನು ಪ್ರತಿವರ್ಷ ತಿಳಿಸುತ್ತಿದೆ. ಹೆಚ್ಚಾಗಿ ಅದು ಆಗಸ್ಟಿನಲ್ಲಿ, ಸಪ್ತಮಿಯ ಆಸುಪಾಸಿನಲ್ಲಿ. ಅಂದಿನ ಅರ್ಧಚಂದ್ರ ನಡುರಾತ್ರಿಗೆ ಮೊದಲೇ ಮುಳುಗುತ್ತಾನೆ. ಆಮೇಲೆ ಕತ್ತಲಲ್ಲಿ ನೆತ್ತಿಯ ಮೇಲೆ ಆಕಾಶಗಂಗೆ, ಅದರ ಎರಡು ದಡದಲ್ಲಿ ಅವರಿಬ್ಬರು.